ಪ್ರೆಸ್ ಬಾಕ್ಸ್ ಹೊರಗೆ ಕೂತು ಬರೆದ ವರದಿಗಾರ

1/6
ಜ್ಯಾಕಿ ರಾಬಿನ್ಸನ್ ಹೆಸರು ಕೇಳಿದ್ದೀರಾ? 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದು, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸುಮಾರು 60 ವರ್ಷ ನಿಂತಿದ್ದ ವರ್ಣಭೇದದ ಗೋಡೆ ಒಡೆದ ಕಪ್ಪು ಆಟಗಾರ. ಆದ್ರೆ ಇವತ್ತಿನ ಕಥೆ ಅವರದ್ದಲ್ಲ. ಅವರ ಬಗ್ಗೆ ಬರೆದ ಪತ್ರಕರ್ತನದ್ದು. ಹೆಸರು ವೆಂಡೆಲ್ ಸ್ಮಿತ್. ಬೇಸ್‌ಬಾಲ್ ರೂಲ್ಸ್ ಗೊತ್ತಿಲ್ದಿದ್ರೂ ಪರವಾಗಿಲ್ಲ, ಓದಿ.

2/6
1933, ಡೆಟ್ರಾಯಿಟ್. 19ರ ಹುಡುಗ ಸ್ಮಿತ್ ಒಂದು ಮ್ಯಾಚ್‌ನಲ್ಲಿ ಅದ್ಭುತವಾಗಿ ಬಾಲ್ ಎಸೆದು ತಂಡವನ್ನ 1-0ಯಿಂದ ಗೆಲ್ಲಿಸಿದ. ನೋಡೋಕೆ ಬಂದಿದ್ದ ಸ್ಕೌಟ್ ಇವನ ಜೊತೆಗಾರ ಕ್ಯಾಚರ್‌ನ ಆಯ್ಕೆ ಮಾಡಿದ, ಸೋತ ಪಿಚರ್‌ನನ್ನೂ ಆಯ್ಕೆ ಮಾಡಿದ. ಗೆದ್ದವನನ್ನ ಮಾತ್ರ ಬಿಟ್ಟ. ಕಾರಣ ಮೈಬಣ್ಣ. ಮುಂದೆ ಸ್ಮಿತ್ ಹೇಳಿಕೊಂಡ ಪ್ರಕಾರ, ಅವತ್ತೇ ಅವರು ಒಂದು ಶಪಥ ಮಾಡಿದ್ರು: ಈ ಬಾಗಿಲು ತೆಗೆಸೋಕೆ ಏನಾದ್ರೂ ಮಾಡಲೇಬೇಕು.

3/6
1937ರಲ್ಲಿ ಪಿಟ್ಸ್‌ಬರ್ಗ್ ಕೊರಿಯರ್ ಸೇರಿದ್ರು. ಕಪ್ಪು ಓದುಗರ ದೊಡ್ಡ ವಾರಪತ್ರಿಕೆ ಅದು. ಆಗ ತಂಡದ ಮಾಲೀಕರದ್ದು ಒಂದೇ ನೆಪ: "ನಮಗೇನೋ ಓಕೆ, ಆದ್ರೆ ಬಿಳಿ ಆಟಗಾರರು ಒಪ್ಪಲ್ಲ." ಹೌದಾ, ಅವರನ್ನೇ ಕೇಳೋಣ ಅಂತ 1939ರಲ್ಲಿ ಸ್ಮಿತ್ ಹೊರಟ್ರು. ಪಿಟ್ಸ್‌ಬರ್ಗ್‌ಗೆ ಬರ್ತಿದ್ದ ತಂಡಗಳು ಉಳಿಯುತ್ತಿದ್ದ ಹೋಟೆಲಿಗೇ ಹೋಗಿ, ಸುಮಾರು 40 ಆಟಗಾರರು, 8 ಮ್ಯಾನೇಜರ್‌ಗಳ ಜೊತೆ ಮಾತಾಡಿದ್ರು. ಬಹುಪಾಲು ಜನ "ನಮ್ಮ ಅಡ್ಡಿ ಇಲ್ಲ" ಅಂದ್ರು. ಕೊರಿಯರ್ ಅದನ್ನ ಹೆಸರು ಸಮೇತ ವಾರವಾರ ಪ್ರಿಂಟ್ ಮಾಡ್ತು. ಮಾಲೀಕರ ನೆಪ ಅಲ್ಲಿಗೆ ಸುಳ್ಳಾಯ್ತು.

4/6
1945ರ ಏಪ್ರಿಲ್ 16. ಸ್ಮಿತ್ ಮೂವರು ಕಪ್ಪು ಆಟಗಾರರನ್ನ ಬಾಸ್ಟನ್ ರೆಡ್ ಸಾಕ್ಸ್ ಟ್ರೈಔಟ್‌ಗೆ ಕರ್ಕೊಂಡು ಹೋದ್ರು. ಮೂವರೂ ಚೆನ್ನಾಗೇ ಆಡಿದ್ರು. ಆಮೇಲೆ ತಂಡದಿಂದ ಕರೆ ಬರಲೇ ಇಲ್ಲ! (ರೆಡ್ ಸಾಕ್ಸ್ ಮೊದಲ ಕಪ್ಪು ಆಟಗಾರನ್ನ ಕಣಕ್ಕಿಳಿಸಿದ್ದು 1959ರಲ್ಲಿ, ಎಲ್ಲ ತಂಡಗಳಿಗಿಂತ ಕೊನೆಗೆ.) ವಾಪಸ್ ಬರ್ತಾ ಸ್ಮಿತ್ ಬ್ರೂಕ್ಲಿನ್‌ನಲ್ಲಿ ಇಳಿದು, ಡಾಡ್ಜರ್ಸ್ ಮುಖ್ಯಸ್ಥ ಬ್ರಾಂಚ್ ರಿಕಿ ಮುಂದೆ ಆ ಮೂವರಲ್ಲಿ ಒಬ್ಬರ ಹೆಸರು ಹೇಳಿದ್ರು. ಜ್ಯಾಕಿ ರಾಬಿನ್ಸನ್. ಅದೇ ವರ್ಷ ಅಕ್ಟೋಬರ್ 23ಕ್ಕೆ ಒಪ್ಪಂದದ ಸುದ್ದಿ ಹೊರಬಿತ್ತು.

5/6
1946ರಲ್ಲಿ ಫ್ಲಾರಿಡಾದ ತರಬೇತಿ ಶಿಬಿರ. ರಾಬಿನ್ಸನ್‌ಗೆ ತಂಡದ ಹೋಟೆಲಲ್ಲಿ ರೂಮಿಲ್ಲ. ಸ್ಮಿತ್ ಮನೆ ಹುಡುಕಿದ್ರು, ಜೊತೆಗೇ ಓಡಾಡಿದ್ರು. ಸ್ಯಾನ್‌ಫರ್ಡ್ ಊರಲ್ಲಿ ಬೆದರಿಕೆ ಬಂದಾಗ ಎಲ್ಲರೂ ಊರನ್ನೇ ಬಿಡಬೇಕಾಯ್ತು. ಇನ್ನು ಸ್ಟೇಡಿಯಂನಲ್ಲಿ? ಪ್ರೆಸ್ ಬಾಕ್ಸ್ ಇವರಿಗೆ ಬಂದ್. ಪ್ರೇಕ್ಷಕರ ನಡುವೆ ಕೂತು, ತೊಡೆ ಮೇಲೆ ಟೈಪ್‌ರೈಟರ್ ಇಟ್ಕೊಂಡು ವರದಿ ಬರೆದ್ರು.

ಇದಕ್ಕೂ ಒಂದು "ರೂಲ್" ಇತ್ತು ನೋಡಿ. ಬೇಸ್‌ಬಾಲ್ ಬರಹಗಾರರ ಸಂಘದ ಕಾರ್ಡ್ ದಿನಪತ್ರಿಕೆಯವರಿಗೆ ಮಾತ್ರ. ಕಪ್ಪು ಪತ್ರಿಕೆಗಳು ಹೆಚ್ಚಾಗಿ ವಾರಪತ್ರಿಕೆ. ದೊಡ್ಡ ದಿನಪತ್ರಿಕೆಗಳು ಕಪ್ಪು ವರದಿಗಾರರನ್ನ ತಗೊಳ್ತಿರಲಿಲ್ಲ. ರೂಲ್‌ನಲ್ಲಿ ಬಣ್ಣದ ಮಾತೇ ಇಲ್ಲ, ಆದ್ರೂ ಬಾಗಿಲು ಮುಚ್ಚೇ ಇರುತ್ತೆ!

6/6
ಇನ್ನೊಂದು ವಿಷಯ ಮುಚ್ಚಿಡಬಾರದು. ಆಗ ರಿಕಿ ಕೂಡ ಸ್ಮಿತ್‌ಗೆ ವಾರಕ್ಕೆ 50 ಡಾಲರ್ ಕೊಡ್ತಿದ್ರು. ರಾಬಿನ್ಸನ್ ಹೆಸರಲ್ಲಿ ಬರ್ತಿದ್ದ ಅಂಕಣ ಬರೀತಿದ್ದಿದ್ದೂ ಸ್ಮಿತ್. ಇವತ್ತಿನ ಜರ್ನಲಿಸಂ ಕ್ಲಾಸಲ್ಲಿ ಇದನ್ನ ತಪ್ಪು ಅಂತಾರೆ. ಆದ್ರೆ "ತಟಸ್ಥ"ವಾಗಿ ಬರೆದ ಎಷ್ಟೋ ದೊಡ್ಡ ಪತ್ರಿಕೆಗಳು ದಶಕಗಳ ಕಾಲ ಆ ಗೋಡೆಯ ಬಗ್ಗೆ ಸುಮ್ಮನಿದ್ದವಲ್ಲ, ಅದು?

ಮುಂದೆ ಶಿಕಾಗೋದ ದಿನಪತ್ರಿಕೆ ಸೇರಿದ ಮೇಲೆ ಸ್ಮಿತ್‌ಗೆ ಸಂಘದ ಕಾರ್ಡ್ ಸಿಕ್ತು. 1961ರಲ್ಲಿ ಅದೇ ಫ್ಲಾರಿಡಾ ಹೋಟೆಲುಗಳ ಭೇದಭಾವದ ವಿರುದ್ಧ ಮತ್ತೆ ಬರೆದ್ರು. 1972ರ ಅಕ್ಟೋಬರ್‌ನಲ್ಲಿ ರಾಬಿನ್ಸನ್ ತೀರಿಕೊಂಡ್ರು, ನವೆಂಬರ್‌ನಲ್ಲಿ ಸ್ಮಿತ್. ಒಂದು ಕಾಲಕ್ಕೆ ಕಾರ್ಡ್ ಕೊಡದ ಆ ಸಂಘ, 1993ರ ಸಾಲಿನ ತನ್ನ ಅತಿದೊಡ್ಡ ಪ್ರಶಸ್ತಿಯನ್ನ ಸ್ಮಿತ್ ಹೆಸರಿಗೆ ಕೊಡ್ತು. ತಗೊಳ್ಳೋಕೆ ಅವರೇ ಇರಲಿಲ್ಲ.

ಈಗ ನೀವು ಹೇಳಿ: ಸ್ಮಿತ್ ಬರೀ ವರದಿ ಮಾಡ್ಕೊಂಡು ಸುಮ್ಮನಿರಬೇಕಿತ್ತಾ? ಕಾಮೆಂಟ್‌ನಲ್ಲಿ ಜಗಳ ಆಡೋಣ ಬನ್ನಿ.

#ಕನ್ನಡದಲ್ಲಿಇತಿಹಾಸ #ವೆಂಡೆಲ್‌ಸ್ಮಿತ್ #ಕ್ರೀಡಾಪುಟ