ಹುಜೂರ್ ಅದಾಲತ್‌ನಿಂದ ಹೈಕೋರ್ಟಿನವರೆಗೆ: ನ್ಯಾಯದ ಬಾಗಿಲು ಎಷ್ಟು ದೂರ?



ಜುಮಾ ನಮಾಝ್ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ನನಗಾಗಿ ಕಾಯುವವರಲ್ಲಿ ಕೋರ್ಟಿನ ಕಾಗದ ಹಿಡಿದವರು ಒಬ್ಬರಾದರೂ ಇರುತ್ತಾರೆ. ಕೆಲವು ದಿನಗಳ ಹಿಂದೆ ಸೊರಬ ಕಡೆಯ ಒಬ್ಬ ವೃದ್ಧೆ ಮೊಮ್ಮಗನ ಜೊತೆ ಬಂದಿದ್ದರು. ತಂದೆಯ ಗದ್ದೆಯಲ್ಲಿ ತಮ್ಮ ಪಾಲು ಕೇಳಿ ಅವರು ತಾಲ್ಲೂಕು ಕೋರ್ಟಿನಲ್ಲಿ ಗೆದ್ದಿದ್ದರು. ತಮ್ಮಂದಿರು ಅಪೀಲು ಹಾಕಿ ಅಲ್ಲಿಯೂ ಸೋತು, ಈಗ ಹೈಕೋರ್ಟಿಗೆ ಹೋಗಿದ್ದಾರೆ. "ಹಝ್ರತ್, ಆ ಕೋರ್ಟು ಬೆಂಗಳೂರಿನಲ್ಲಿದೆಯಂತೆ. ಈ ವಯಸ್ಸಿನಲ್ಲಿ ನಾನು ಹೇಗೆ ಹೋಗಲಿ?" ಎಂದು ಕೇಳಿದರು.

ಅವರ ಪ್ರಶ್ನೆ ಹಳೆಯದು. ನಮ್ಮ ಸೀಮೆಯ ಜನ ಇನ್ನೂರು ವರ್ಷಗಳಿಂದ ಅದನ್ನೇ ಕೇಳುತ್ತಿದ್ದಾರೆ. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಕಥೆಯನ್ನೂ ಆ ಪ್ರಶ್ನೆಯಿಂದಲೇ ಆರಂಭಿಸಬಹುದು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಕಾರಿಪುರ, ಸೊರಬಗಳು ನಗರ ಫೌಜುದಾರಿಗೆ ಸೇರಿದ್ದವು. ಆಗ ಕಂದಾಯಕ್ಕೆ 'ಶರ್ತು' ಎಂಬ ಪದ್ಧತಿ ಇತ್ತು. ಇಷ್ಟು ಹಣ ವಸೂಲು ಮಾಡಿಕೊಡುತ್ತೇನೆ ಎಂದು ಅಮಲ್ದಾರ ಸರಕಾರಕ್ಕೆ ಶರ್ತು ಬರೆದುಕೊಡುತ್ತಿದ್ದ. ಆಮೇಲೆ ಆ ಹಣವನ್ನು ರೈತನಿಂದ ಹಿಂಡುತ್ತಿದ್ದ. ದೂರು ಹೇಳಬೇಕೆಂದರೆ ಅದೇ ಅಮಲ್ದಾರನ ಮುಂದೆಯೇ ನಿಲ್ಲಬೇಕು. ಹಿಂಡುವವನೇ ನ್ಯಾಯ ಹೇಳುವವನೂ ಆದರೆ ಬಡವ ಎಲ್ಲಿಗೆ ಹೋಗಬೇಕು? 1830ರಲ್ಲಿ ನಗರ ಸೀಮೆಯ ರೈತರು ಊರೂರಲ್ಲಿ ಕೂಟ ಸೇರಿದರು, ಕಂದಾಯ ಕೊಡುವುದಿಲ್ಲ ಎಂದರು. ಕೂಟಗಳು ದಂಗೆಯಾದವು. ಅದನ್ನೇ ಕಾರಣವಾಗಿ ತೋರಿಸಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು.

ಕಮಿಷನರರ ಆಡಳಿತದಲ್ಲಿ ಕೋರ್ಟುಗಳಿಗೆ ಒಂದು ಮೆಟ್ಟಿಲುಸಾಲು ಬಂತು. ಕೆಳಗೆ ಅಮಲ್ದಾರರ ಕಚೇರಿ, ಅದರ ಮೇಲೆ ಮುನ್ಸಿಫರು, ಅವರ ಮೇಲೆ ವಿಭಾಗದ ಸೂಪರಿಂಟೆಂಡೆಂಟ್, ಬೆಂಗಳೂರಿನಲ್ಲಿ 'ಹುಜೂರ್ ಅದಾಲತ್'. ಈ ಅದಾಲತ್‌ನಲ್ಲಿ ಕೂತವರು ಈ ದೇಶದವರೇ ಆದ ಮೂವರು ನ್ಯಾಯಾಧೀಶರು. ಕೆಳಗಿನವನು ತಪ್ಪು ಮಾಡಿದರೆ ಮೇಲಿನವನು ತಿದ್ದಬೇಕು ಎಂಬ ತತ್ವ ಹೀಗೆ ಇಲ್ಲಿ ಬೇರೂರಿತು. ಆ ಕಾಲದ ಮಾತುಗಳು ಇಂದಿಗೂ ನಮ್ಮ ನಾಲಿಗೆಯ ಮೇಲಿವೆ: ಅದಾಲತ್, ವಕೀಲ, ಅರ್ಜಿ, ದಾವೆ, ಜಾಮೀನು, ರಾಜಿ, ಹಕ್ಕು. ಅರಬಿ, ಫಾರಸಿಯಿಂದ ಬಂದು ಕನ್ನಡವೇ ಆಗಿಹೋದ ಪದಗಳಿವು. ಹಳ್ಳಿಯ ರೈತ "ನನ್ನ ಹಕ್ಕು" ಎನ್ನುವಾಗ ಆ ಪದ ಎಲ್ಲಿಂದ ಬಂತೆಂದು ಯೋಚಿಸುವುದಿಲ್ಲ. ಯೋಚಿಸಬೇಕಾಗಿಯೂ ಇಲ್ಲ.

1856ರಲ್ಲಿ ಹುಜೂರ್ ಅದಾಲತ್ ಹೋಗಿ ಜುಡಿಷಿಯಲ್ ಕಮಿಷನರ್ ಹುದ್ದೆ ಬಂತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಸೇರಿತು. ಮೂರು ವರ್ಷಗಳ ನಂತರ, 1884ರಲ್ಲಿ, ಮೂವರು ನ್ಯಾಯಾಧೀಶರ 'ಮೈಸೂರು ಚೀಫ್ ಕೋರ್ಟ್' ಸ್ಥಾಪನೆಯಾಯಿತು. ಇಂದಿನ ಹೈಕೋರ್ಟಿನ ನೇರ ಹಿರಿಯ ಅದೇ. 1930ರಲ್ಲಿ ಅದಕ್ಕೆ 'ಹೈಕೋರ್ಟ್' ಎಂಬ ಹೆಸರು ಬಂದಾಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಇಂದು ಹೈಕೋರ್ಟ್ ಇರುವ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ 1868ರಲ್ಲಿ ಕಟ್ಟಿ ಮುಗಿದದ್ದು. ಸರಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದವು. ಅದಕ್ಕೇ 'ಅಠಾರಾ ಕಚೇರಿ' ಎಂದು ಹೆಸರು.

ಸೊರಬದ ಗಡಿ ಹಳ್ಳಿಗಳಿಗೆ ಈ ಇತಿಹಾಸ ಇನ್ನೂ ಹತ್ತಿರದಿಂದ ತಾಗಿದೆ. 1956ಕ್ಕೆ ಮೊದಲು ಸೊರಬ ಮೈಸೂರು ರಾಜ್ಯದಲ್ಲಿತ್ತು, ಪಕ್ಕದ ಹಾನಗಲ್ಲು ಮತ್ತು ಬನವಾಸಿ ಮುಂಬಯಿ ಪ್ರಾಂತ್ಯದಲ್ಲಿದ್ದವು. ಹೆಣ್ಣು ಕೊಟ್ಟು ತಂದ ಊರುಗಳೇ ಆದರೂ ಅಣ್ಣನ ಅಪೀಲು ಬೆಂಗಳೂರಿಗೆ, ಭಾವನ ಅಪೀಲು ಮುಂಬಯಿಗೆ. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗಿನಿಂದ ಬಂದ ಜಿಲ್ಲೆಗಳಿಗೆಲ್ಲ ಒಂದೇ ಹೈಕೋರ್ಟ್ ಆಯಿತು. 1973ರಲ್ಲಿ ರಾಜ್ಯದ ಜೊತೆ ಅದರ ಹೆಸರೂ ಕರ್ನಾಟಕ ಎಂದಾಯಿತು.

ನಮ್ಮ ಎರಡೂ ತಾಲ್ಲೂಕುಗಳ ಹಿರಿಯರಿಗೆ ಹೈಕೋರ್ಟ್ ಎಂಬ ಹೆಸರು ನಿಜವಾಗಿ ಪರಿಚಯವಾದದ್ದು ಗೇಣಿಯ ಕಾಲದಲ್ಲಿ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು. 1974ರಲ್ಲಿ ದೇವರಾಜ ಅರಸರ ಸರಕಾರ ತಂದ ತಿದ್ದುಪಡಿಯಿಂದ ಉಳುವವನೇ ಒಡೆಯನಾದ. ಗೇಣಿದಾರ ಫಾರಂ ನಂಬರ್ 7 ತುಂಬಿ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಕೊಟ್ಟರೆ ಸಾಕಿತ್ತು. ಬಡವನಿಗೆ ಖರ್ಚಾಗಬಾರದೆಂದು ಅಲ್ಲಿ ವಕೀಲರಿಗೆ ಪ್ರವೇಶವನ್ನೂ ಇಟ್ಟಿರಲಿಲ್ಲ. ಆದರೆ ಮಂಡಳಿಯ ತೀರ್ಪನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸುವಂತಿರಲಿಲ್ಲ. ಉಳಿದದ್ದು ಒಂದೇ ದಾರಿ: ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಅರ್ಜಿಗಳು ಬೆಂಗಳೂರಿಗೆ ಪ್ರವಾಹದಂತೆ ಹರಿದವು. ಹೈಕೋರ್ಟ್ ಹಲವರಿಗೆ ನ್ಯಾಯ ಕೊಟ್ಟಿತು, ಮಂಡಳಿಗಳ ಅವಸರದ ತಪ್ಪುಗಳನ್ನು ತಿದ್ದಿತು. ಆದರೆ ಬೆಂಗಳೂರಿಗೆ ಹೋಗುವುದು ಧಣಿಗೆ ಸುಲಭ, ಗೇಣಿದಾರನಿಗೆ ಕಷ್ಟ. ಬಾಗಿಲು ಇಬ್ಬರಿಗೂ ತೆರೆದಿತ್ತು, ದಾರಿ ಮಾತ್ರ ಸಮನಾಗಿರಲಿಲ್ಲ.

ಈ ದೂರವನ್ನು ಕಡಿಮೆ ಮಾಡಿ ಎಂದು ಉತ್ತರ ಕರ್ನಾಟಕದ ವಕೀಲರು ಮತ್ತು ಜನರು ವರ್ಷಗಟ್ಟಲೆ ಹೋರಾಡಿದರು. 2008ರ ಜುಲೈಯಲ್ಲಿ ಧಾರವಾಡ ಮತ್ತು ಗುಲ್ಬರ್ಗದಲ್ಲಿ ಸಂಚಾರಿ ಪೀಠಗಳು ಆರಂಭವಾದವು, 2013ರಲ್ಲಿ ಕಾಯಂ ಆದವು. ಹಾನಗಲ್ಲಿನವರೂ ಬನವಾಸಿಯವರೂ ಈಗ ಧಾರವಾಡಕ್ಕೆ ಹೋಗುತ್ತಾರೆ. ಶಿವಮೊಗ್ಗ ಜಿಲ್ಲೆ ಬೆಂಗಳೂರಿನ ಪ್ರಧಾನ ಪೀಠದಲ್ಲೇ ಉಳಿಯಿತು. ಸೊರಬದಿಂದ ಧಾರವಾಡಕ್ಕೆ ಬೆಂಗಳೂರಿನ ಅರ್ಧದಷ್ಟೂ ದಾರಿ ಇಲ್ಲ. ಆದರೂ ಸೊರಬದವರು ಇಂದಿಗೂ ರಾತ್ರಿ ಬಸ್ಸು ಹತ್ತಬೇಕು.

ಆ ವೃದ್ಧೆಗೆ ನಾನು ಹೇಳಿದ್ದು ಇಷ್ಟು: "ಅಮ್ಮಾ, ನೀವು ಹೋಗಬೇಕಾಗಿಲ್ಲ. ವಕಾಲತ್ತು ಸಹಿ ಮಾಡಿದರೆ ನಿಮ್ಮ ಪರವಾಗಿ ವಕೀಲರು ನಿಲ್ಲುತ್ತಾರೆ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ." ಈ ಮಾತು ಅವರಿಗೆ ಯಾರೂ ಹೇಳಿರಲಿಲ್ಲ. ಓದುಗರು ತಮ್ಮ ಮನೆಯ ಹೆಂಗಸರಿಗೆ ಇದನ್ನು ತಿಳಿಸಲಿ.

ತಮ್ಮಂದಿರಿಗೂ ಒಂದು ಮಾತು ಹೇಳಿ ಕಳಿಸಿದೆ. ಅಪೀಲು ಅವರ ಹಕ್ಕು, ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ಅಕ್ಕನ ಪಾಲು ಎಷ್ಟೆಂದು ಸೂರಾ ಅನ್ನಿಸಾದಲ್ಲಿ ನಿಗದಿಯಾಗಿದೆ. ಅದು ಗೊತ್ತಿದ್ದೂ, ಅಕ್ಕ ದಣಿದು ಕೈಬಿಡಲಿ ಎಂದು ದೂರದ ಕೋರ್ಟಿಗೆ ಎಳೆದರೆ ಅದು ಝುಲ್ಮ್. ಮಾತಿನ ಚಾತುರ್ಯದಿಂದ ತನ್ನ ಮುಂದೆ ಗೆದ್ದು ಸಹೋದರನ ಹಕ್ಕನ್ನು ಪಡೆದವನು ಬೆಂಕಿಯ ತುಂಡನ್ನು ಪಡೆದಂತೆ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಪ್ರವಾದಿಯವರ ತೀರ್ಪೇ ಹರಾಮನ್ನು ಹಲಾಲ್ ಮಾಡುವುದಿಲ್ಲ ಎಂದಾದರೆ ಹೈಕೋರ್ಟಿನ ತೀರ್ಪು ಮಾಡುತ್ತದೆಯೇ?

ನಗರ ಸೀಮೆಯ ರೈತರು ಕೂಟ ಸೇರಿದ್ದು ದೂರು ಕೇಳುವವರಿಲ್ಲ ಎಂದು. ಅಂದಿನಿಂದ ಇಂದಿನವರೆಗೆ ಆ ಬಾಗಿಲು ಒಂದೊಂದೇ ಹೆಜ್ಜೆ ಹತ್ತಿರ ಬಂದಿದೆ, ಇನ್ನೂ ಬರಬೇಕಾಗಿದೆ. ಅಲ್ಲಿಯವರೆಗೆ ನಮ್ಮಲ್ಲಿ ಬಲವುಳ್ಳವರು ಆ ದೂರವನ್ನು ಬಲವಿಲ್ಲದವರ ಮೇಲೆ ಆಯುಧವಾಗಿ ಬಳಸದಿರಲಿ. ಅಲ್ಲಾಹನು ನಮ್ಮೆಲ್ಲರಿಗೆ ನ್ಯಾಯದ ಮೇಲೆ ನಿಲ್ಲುವ ತೌಫೀಕ್ ನೀಡಲಿ. ಆಮೀನ್.