ನರ್ಸ್ ಪ್ರಾಕ್ಟೀಷನರ್: ಪಕ್ಕ ನಿಂತು ಕಲಿಸಿದವರ ಚರಿತ್ರೆ

1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಒಬ್ಬ ನರ್ಸ್ ಮತ್ತು ಒಬ್ಬ ಮಕ್ಕಳ ಡಾಕ್ಟರು ಸೇರಿ ಸಣ್ಣದೊಂದು ತರಬೇತಿ ಶುರು ಮಾಡಿದರು. ನರ್ಸ್ ಲೊರೆಟ್ಟಾ ಫೋರ್ಡ್, ಡಾಕ್ಟರು ಹೆನ್ರಿ ಸಿಲ್ವರ್. ರೋಗಿಯನ್ನು ತಾನೇ ಪರೀಕ್ಷಿಸಿ ತೀರ್ಮಾನಿಸಲು ತರಬೇತಿ ಪಡೆದ ನರ್ಸ್, ಅಂದರೆ ನರ್ಸ್ ಪ್ರಾಕ್ಟೀಷನರ್ ಎಂಬ ವೃತ್ತಿಯ ಬೇರು ಅಲ್ಲಿದೆ. ಐಸಿಯುನಲ್ಲಿ ಇದೇ ತರಬೇತಿಯ ನರ್ಸುಗಳಿಗೆ ಪಾಠ ಹೇಳುವ ನಾನು ಪ್ರತಿ ಹೊಸ ಬ್ಯಾಚಿಗೂ ಮೊದಲು ಈ ಚರಿತ್ರೆಯನ್ನೇ ಹೇಳುತ್ತೇನೆ. ಈ ವೃತ್ತಿಗೆಂದು ಕಾಯಿದೆ ಬರುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ರೋಗಿಯ ಪಕ್ಕ ನಿಂತು ಕಲಿಸುವವರು ಸಿಕ್ಕಿದ್ದರು. ಉಳಿದದ್ದೆಲ್ಲ ಆಮೇಲೆ ಬಂತು.

ಫೋರ್ಡ್ ಕೊಲರಾಡೊದ ಬೋಲ್ಡರ್ ಕೌಂಟಿಯಲ್ಲಿ ಸಾರ್ವಜನಿಕ ಆರೋಗ್ಯದ ನರ್ಸ್ ಆಗಿದ್ದವರು. ಡಾಕ್ಟರೇ ಸಿಗದ ಹಳ್ಳಿಗಳಲ್ಲಿ ತಾತ್ಕಾಲಿಕ ಕ್ಲಿನಿಕ್ ನಡೆಸುತ್ತಿದ್ದರು. ಮಗುವಿನ ತೂಕ, ಲಸಿಕೆ, ತಾಯಿಗೆ ತಿಳಿವಳಿಕೆ, ಎಲ್ಲವೂ ನರ್ಸುಗಳ ಮೇಲೆಯೇ ಬೀಳುತ್ತಿತ್ತು. ಮಾಡುತ್ತಿರುವ ಕೆಲಸ ಇಷ್ಟು ದೊಡ್ಡದು, ಅದಕ್ಕೆ ತಕ್ಕ ಓದು ಮಾತ್ರ ಎಲ್ಲೂ ಇಲ್ಲ ಎಂಬುದು ಅವರಿಗೆ ಅಲ್ಲಿಯೇ ಮನವರಿಕೆಯಾಯಿತು. ಡಾಕ್ಟರ ಕೊರತೆ ತುಂಬುವುದಕ್ಕೆ ಈ ಕೋರ್ಸ್ ಹುಟ್ಟಿತು ಎಂದು ಯಾರಾದರೂ ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ಕೊರತೆ ಅವಕಾಶ ಒದಗಿಸಿತು, ಗುರಿ ಇದ್ದದ್ದು ನರ್ಸಿಂಗನ್ನೇ ಬೆಳೆಸುವುದು ಎನ್ನುತ್ತಿದ್ದರು.

ತರಬೇತಿ ಸರಳವಾಗಿತ್ತು. ಅನುಭವವಿದ್ದ ನರ್ಸುಗಳು ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಕಲಿತು, ನಂತರ ಜನರ ನಡುವೆ ಹೋಗಿ ಕೆಲಸ ಮಾಡಬೇಕು. ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಸಹಜ ಸದ್ದು ಯಾವುದು, ಅಸಹಜ ಯಾವುದು ಎಂದು ಗುರುತಿಸುವುದು, ಕಿವಿಯೊಳಗೆ ನೋಡುವುದು, ಬೆಳವಣಿಗೆ ಅಳೆಯುವುದು, ಯಾವ ಮಗುವನ್ನು ತಾವೇ ನೋಡಿಕೊಳ್ಳಬಹುದು, ಯಾವುದನ್ನು ತಕ್ಷಣ ಡಾಕ್ಟರ ಬಳಿ ಕಳಿಸಬೇಕು ಎಂದು ತೀರ್ಮಾನಿಸುವುದು. ಈ ಕೊನೆಯದೇ ಕಷ್ಟದ ಪಾಠ.

ವಿರೋಧ ಡಾಕ್ಟರುಗಳಿಂದ ಮಾತ್ರ ಬರಲಿಲ್ಲ, ನರ್ಸಿಂಗ್ ಅಧ್ಯಾಪಕರಿಂದಲೂ ಬಂತು. ಡಾಕ್ಟರ ಕೆಲಸ ಕಲಿತರೆ ನರ್ಸಿಂಗ್ ತನ್ನತನ ಕಳೆದುಕೊಳ್ಳುತ್ತದೆ ಎಂಬ ಭಯ ಅವರದು. ಇದಕ್ಕೂ ಮೊದಲು, 1950ರ ದಶಕದ ಕೊನೆಯಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಥೆಲ್ಮಾ ಇಂಗಲ್ಸ್ ಎಂಬ ನರ್ಸಿಂಗ್ ಅಧ್ಯಾಪಕಿ, ಡಾ. ಯೂಜೀನ್ ಸ್ಟೆಡ್ ಜೊತೆ ಸೇರಿ ಇಂಥದೇ ಕೋರ್ಸ್ ಕಟ್ಟಿದ್ದರು. ನರ್ಸಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯಾದ ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್ ಅದಕ್ಕೆ ಒಪ್ಪಲಿಲ್ಲ. ಸ್ಟೆಡ್ ಬೇರೆ ದಾರಿ ಹಿಡಿದು, ಸೈನ್ಯದಲ್ಲಿ ವೈದ್ಯಕೀಯ ಸಹಾಯಕರಾಗಿದ್ದವರನ್ನು ಸೇರಿಸಿಕೊಂಡು 1965ರಲ್ಲೇ ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ಡಾಕ್ಟರ ಸಹಾಯಕರ ಕೋರ್ಸ್ ಆರಂಭಿಸಿದರು. ನರ್ಸಿಂಗಿನ ನಮ್ಮವರೇ ಬಾಗಿಲು ಮುಚ್ಚಿದ್ದರಿಂದ ಹುಟ್ಟಿದ ಇನ್ನೊಂದು ವೃತ್ತಿ ಅದು.

ಈ ವಿರೋಧಕ್ಕೆ ಉತ್ತರ ಬಂದದ್ದು ಕೆಲಸದಿಂದ. 1974ರಲ್ಲಿ ಕೆನಡಾದ ಬರ್ಲಿಂಗ್ಟನ್ ಊರಿನ ಅಧ್ಯಯನವೊಂದು ಪ್ರಕಟವಾಯಿತು. ಕುಟುಂಬಗಳನ್ನು ಎರಡು ಗುಂಪು ಮಾಡಿ, ಒಂದನ್ನು ಡಾಕ್ಟರಿಗೆ, ಇನ್ನೊಂದನ್ನು ನರ್ಸ್ ಪ್ರಾಕ್ಟೀಷನರ್‌ಗೆ ವಹಿಸಿ ಹೋಲಿಸಿದರು. ರೋಗಿಗಳ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಷ್ಟರಲ್ಲಿ, 1972ರಲ್ಲಿ, ಫೋರ್ಡ್ ರಾಚೆಸ್ಟರ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯ ಮೊದಲ ಡೀನ್ ಆಗಿದ್ದರು. ಜೊತೆಗೆ ಅಲ್ಲಿನ ಆಸ್ಪತ್ರೆಯ ನರ್ಸಿಂಗ್ ವಿಭಾಗದ ಹೊಣೆಯನ್ನೂ ಹೊತ್ತರು. ಪಾಠ ಹೇಳುವವರು ರೋಗಿಯನ್ನೂ ನೋಡಬೇಕು ಎಂಬುದು ಅವರ ಪಟ್ಟು. 2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್‌ಗಳ ಸಂಖ್ಯೆ ಮೂರೂವರೆ ಲಕ್ಷ ದಾಟಿತ್ತು.

ನಮ್ಮಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಘಟಕಗಳಿಗಾಗಿ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಎಂ.ಎಸ್ಸಿ.ಯನ್ನು ರೂಪಿಸಿದ್ದು ಇತ್ತೀಚೆಗೆ, 2016ರ ಸುಮಾರಿಗೆ. 2018ರಲ್ಲಿ ಕೇಂದ್ರ ಸರ್ಕಾರ ಹೆರಿಗೆ ಆರೈಕೆಗೆ ನರ್ಸ್ ಪ್ರಾಕ್ಟೀಷನರ್‌ಗಳನ್ನು ತಯಾರು ಮಾಡುವ ಮಾರ್ಗಸೂಚಿ ಹೊರಡಿಸಿತು. ಎರಡರಲ್ಲೂ ತರಗತಿಗಿಂತ ಆಸ್ಪತ್ರೆಯ ಕಲಿಕೆಗೇ ಹೆಚ್ಚು ಒತ್ತು.

ಆ ಕಲಿಕೆ ಹೇಗಿರುತ್ತದೆ ಎಂದರೆ, ವೆಂಟಿಲೇಟರ್ ಮೇಲಿರುವ ರೋಗಿಯ ಎದೆಯ ಸದ್ದು ಕೇಳಿಸಿಕೊಂಡು, ಕಲಿಯಲು ಬಂದ ಹುಡುಗಿ ತಲೆ ಎತ್ತುತ್ತಾಳೆ. "ಮೇಡಂ, ಎಡಗಡೆ ಕೆಳಗೆ ಗಾಳಿ ಕಮ್ಮಿ ಹೋಗ್ತಿದೆ." "ಸರಿ, ಈಗ ಏನ್ ಮಾಡ್ತೀಯ?" "ಡಾಕ್ಟರಿಗೆ ಹೇಳ್ತೀನಿ." "ಹೇಳು. ಅದಕ್ಕೆ ಮೊದಲು, ಯಾಕೆ ಹೀಗಾಗಿರಬಹುದು ಅಂತ ನನಗೆ ಹೇಳು." ಆಕೆ ಉಸಿರಾಟದ ಟ್ಯೂಬ್ ಎಷ್ಟು ಸೆಂಟಿಮೀಟರಿಗೆ ಕಟ್ಟಿದೆ ಎಂದು ನೋಡುತ್ತಾಳೆ, ಬೆಳಗಿನ ಚಾರ್ಟಿಗೆ ಹೋಲಿಸುತ್ತಾಳೆ. "ಎರಡು ಸೆಂಟಿಮೀಟರ್ ಒಳಗೆ ಹೋಗಿದೆ ಮೇಡಂ. ಗಾಳಿ ಬಲಗಡೆಗೇ ಹೋಗ್ತಿರಬೇಕು." ಇಷ್ಟು ಹೊತ್ತು ವರದಿ ಒಪ್ಪಿಸುತ್ತಿದ್ದವಳು ಈಗ ಯೋಚಿಸಿ ಮಾತಾಡುತ್ತಿದ್ದಾಳೆ. ಯಾವ ಪುಸ್ತಕವೂ ಇದನ್ನು ಕಲಿಸುವುದಿಲ್ಲ. ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುವವರು ಪಕ್ಕದಲ್ಲಿರಬೇಕು.

ಹೀಗೆ ಕಲಿತು ಪಾಸಾದವರು ಮತ್ತೆ ಹಳೆಯ ಡ್ಯೂಟಿಗೇ ಮರಳಿದ್ದನ್ನು ನಾನು ಕಂಡಿದ್ದೇನೆ. ಅವರಿಗೆಂದು ಹುದ್ದೆಯೇ ಇರಲಿಲ್ಲ. ಕಲಿತ ವಿದ್ಯೆ ಬಳಕೆಯಿಲ್ಲದೆ ತುಕ್ಕು ಹಿಡಿಯಲು ಬಹಳ ಕಾಲ ಬೇಡ. ಕೋರ್ಸ್ ತೆರೆದ ಸರ್ಕಾರವೇ ಹುದ್ದೆಯನ್ನೂ ಸೃಷ್ಟಿಸಬೇಕು, ಅವರು ಏನೇನು ಮಾಡಬಹುದು ಎಂಬುದನ್ನು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ಹಿರಿಯ ಡಾಕ್ಟರುಗಳಲ್ಲಿ, ಹಿರಿಯ ಸಿಸ್ಟರುಗಳಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ನಾಳೆಯ ರೌಂಡ್ಸ್‌ನಲ್ಲಿ ಕಲಿಯಲು ಬಂದ ನರ್ಸನ್ನು ಹತ್ತಿರ ಕರೆದು, "ನಿನಗೇನನ್ನಿಸುತ್ತೆ?" ಎಂದು ಕೇಳಿ.