ದೀವಟಿಗೆಯ ರಾತ್ರಿಗೆ ಫೋಟೋ ಯಾಕಿಲ್ಲ?

ಎಡ್ಗರ್ ಥರ್ಸ್ಟನ್ 1909ರಲ್ಲಿ ಮದರಾಸಿನಿಂದ ಹೊರತಂದ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ನಮ್ಮ ತುಳುನಾಡಿನ ಭೂತವೇಷದ ಫೋಟೋಗಳೂ ಇವೆ. ಕೋಲ ನಡೆಯುವುದು ರಾತ್ರಿ. ಫೋಟೋ ಮಾತ್ರ ಹಗಲಿನದು. ಇನ್ನಂಜೆಯಲ್ಲಿದ್ದುಕೊಂಡು, ಹವ್ಯಾಸಕ್ಕೆಂದು ಕಾಪು, ಉಡುಪಿ ಅಂತ ರಾತ್ರಿ ಕ್ಯಾಮೆರಾ ಹಿಡಿದು ತಿರುಗುವ ನನ್ನನ್ನು ಈ ಸಂಗತಿ ಬಹಳ ಕಾಲ ಕಾಡಿದೆ. ನಾನು ನೋಡಿದ ಯಕ್ಷಗಾನದ ಹಳೆಯ ಚಿತ್ರಗಳೂ ಹೆಚ್ಚಿನವು ಹಾಗೆಯೇ. ವೇಷ ಕಟ್ಟಿದವರನ್ನು ಅಂಗಳಕ್ಕೋ ಸ್ಟುಡಿಯೋದ ಪರದೆಯ ಮುಂದಕ್ಕೋ ಕರೆದು ನಿಲ್ಲಿಸಿ ತೆಗೆದವು. ಬೆಳಗಿನ ತನಕ ಕುಣಿದ ಆಟದ ರಾತ್ರಿಯೇ ಅವುಗಳಲ್ಲಿ ಇಲ್ಲ.

ಕಾರಣ ಬೆಳಕಿನಲ್ಲಿದೆ. ಆ ಕಾಲದ ಸಾಮಾನ್ಯ ಗಾಜಿನ ಪ್ಲೇಟುಗಳು ನೀಲಿಯನ್ನು ಚೆನ್ನಾಗಿಯೂ ಹಸಿರನ್ನು ಅಷ್ಟಿಷ್ಟೂ ಹಿಡಿಯುತ್ತಿದ್ದವು. ಕೆಂಪನ್ನು ಹಿಡಿಯುತ್ತಲೇ ಇರಲಿಲ್ಲ. ದೀವಟಿಗೆಯ, ಸೂಟೆಯ ಬೆಳಕಾದರೋ ಕೆಂಪು-ಹಳದಿ. ಕಣ್ಣಿಗೆ ರಂಗಸ್ಥಳವೆಲ್ಲ ಬೆಳಗುತ್ತಿದ್ದರೂ ಪ್ಲೇಟಿನ ಪಾಲಿಗೆ ಅದು ಬಹುಪಾಲು ಕತ್ತಲೆ. ಮುಖಕ್ಕೆ ಬಳಿದ ಇಂಗಳೀಕದ ಕೆಂಪು ಹಗಲಿನ ಚಿತ್ರದಲ್ಲೇ ಕಪ್ಪಾಗಿ ಮೂಡುತ್ತಿತ್ತು. ರಾತ್ರಿಯ ಮಾತು ಕೇಳುವುದೇ ಬೇಡ.

ಗ್ಯಾಸ್‌ಲೈಟ್ ಬಂದ ಮೇಲೆ ಲೆಕ್ಕ ಬದಲಾಯಿತು. ಸೀಮೆಎಣ್ಣೆಗೆ ಪಂಪು ಹೊಡೆದು ಗಾಳಿ ತುಂಬಿದರೆ ಮ್ಯಾಂಟಲ್ ಬೆಳ್ಳಗೆ ಉರಿಯುತ್ತದೆ. ದೀವಟಿಗೆಗಿಂತ ಎಷ್ಟೋ ಪಾಲು ಪ್ರಖರ. ಅಷ್ಟರಲ್ಲಿ ಕೆಂಪನ್ನೂ ಹಿಡಿಯುವ, ವೇಗದ ಫಿಲ್ಮುಗಳು ಬಂದವು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1967ರಲ್ಲಿ ‘ಇಂದು’ ಫಿಲ್ಮು ತಯಾರಿಸತೊಡಗಿತು. ಪೂರ್ವ ಜರ್ಮನಿಯ ಓರ್ವೋದ 400 ವೇಗದ ರೋಲೂ ಸಿಗುತ್ತಿತ್ತು. ಅದರಿಂದ ಏನು ಸಾಧ್ಯವಿತ್ತು ಎಂದು ತಿಳಿಯಬೇಕೆನಿಸಿ, ನಮ್ಮ ಅಟ್ಟದಲ್ಲಿದ್ದ ಗ್ಯಾಸ್‌ಲೈಟಿಗೆ ಹೊಸ ಮ್ಯಾಂಟಲ್ ಕಟ್ಟಿ ಅಂಗಳದಲ್ಲಿ ತೂಗುಹಾಕಿದೆ. ದೀಪದಿಂದ ಹತ್ತು ಅಡಿ ದೂರಕ್ಕೆ ಅಳಿಯನನ್ನು ನಿಲ್ಲಿಸಿ, 400 ವೇಗದ ಕಪ್ಪು-ಬಿಳುಪು ರೋಲು ಹಾಕಿ, ಲೆನ್ಸಿನ ಬಾಯಿಯನ್ನು ಎಫ್ 2ರವರೆಗೆ ತೆರೆದರೂ ಷಟರ್ ಸೆಕೆಂಡಿನ ಹದಿನೈದನೇ ಒಂದು ಭಾಗ ತೆರೆದಿರಬೇಕಾಯಿತು. ನಿಂತ ಮುಖ ಮೂಡಿತು. ಕೈ ಬೀಸಿದಲ್ಲಿ ಬರೀ ಬಿಳಿ ಹೊಗೆ.

ಹಾಗಾದರೆ ಧೀಂಗಿಣದ ಚಿತ್ರ ಹೇಗೆ? ತೆಗೆಯುವಂತೆಯೇ ಇರಲಿಲ್ಲ. ಆ ಕಾಲ ಕಂಡ ಸ್ಟುಡಿಯೋದವರೊಬ್ಬರು ನನಗೆ ಅಂದದ್ದು ಇಷ್ಟೇ: “ಕುಣಿವಾಗ ಅಲ್ಲ ಮಾರಾಯ್ರೆ, ಅರ್ಥ ಹೇಳುವಾಗ ಒತ್ತಬೇಕು.” ಭಾಗವತರ ಪದ ಮುಗಿದು ಚೆಂಡೆ ನಿಂತು, ವೇಷ ಮಾತಿಗೆ ತೊಡಗುವ ಹೊತ್ತಿದೆಯಲ್ಲ, ಅಷ್ಟೇ ಅವರಿಗೆ ಸಿಗುತ್ತಿದ್ದ ಅವಕಾಶ. ಹಳೆಯ ರಂಗಸ್ಥಳದ ಚಿತ್ರಗಳಲ್ಲಿ ವೇಷಗಳು ಹೆಚ್ಚಾಗಿ ಮಾತಾಡುತ್ತಲೇ ಇರುವುದು ಇದಕ್ಕೇ ಎಂದು ನನ್ನ ನಂಬಿಕೆ. ಫ್ಲಾಶ್ ಇತ್ತಲ್ಲ ಎನ್ನಬಹುದು. ಫ್ಲಾಶ್ ಹೊಡೆದರೆ ಕುಣಿತ ನಿಲ್ಲುತ್ತದೆ ನಿಜ, ಆದರೆ ರಾತ್ರಿ ಹೋಗಿಬಿಡುತ್ತದೆ; ಕಿರೀಟದ ಹಿಂದಿನ ಆ ಮಬ್ಬು, ಚೌಕಿಯಿಂದ ಬರುವ ಬೆಳಕಿನ ಗೆರೆ, ಯಾವುದೂ ಉಳಿಯುವುದಿಲ್ಲ. ಕೋಲದಲ್ಲಂತೂ ಫ್ಲಾಶ್ ಬಳಸಲೇಬಾರದು. ಗುತ್ತಿನ ಯಜಮಾನರನ್ನು ಕೇಳಿ, ಬೇಡ ಎಂದರೆ ಕ್ಯಾಮೆರಾ ಒಳಗಿಡಬೇಕು.

ಆಮೇಲೆ ಟ್ಯೂಬ್‌ಲೈಟಿನ ಕಾಲ. ಹಗಲಿಗೆಂದು ತಯಾರಾದ ಕಲರ್ ರೋಲಿನಲ್ಲಿ ಆ ಬೆಳಕು ಹಸಿರಾಗಿ ಬೀಳುತ್ತಿತ್ತು. ಮನೆಮನೆಯ ಆಲ್ಬಮ್ಮಿನಲ್ಲಿ ಹಸಿರು ಮುಖದ ಧರ್ಮರಾಯ ಇದ್ದಾನೆ!

ಈಗ ಎಲ್‌ಇಡಿ. ಪರ್ಯಾಯದ ರಾತ್ರಿ ಇದನ್ನು ನೋಡಬೇಕು. ಎರಡು ವರ್ಷಕ್ಕೊಮ್ಮೆ, ಜನವರಿ 18ರ ನಸುಕಿಗೆ, ಪೀಠವೇರುವ ಸ್ವಾಮಿಗಳು ನಮ್ಮ ಪಕ್ಕದ ಕಾಪುವಿನ ದಂಡತೀರ್ಥದಲ್ಲಿ ಮಿಂದು ಉಡುಪಿಯ ಜೋಡುಕಟ್ಟೆಗೆ ಬರುತ್ತಾರೆ. ಅಲ್ಲಿಂದ ರಥಬೀದಿಗೆ ಮೆರವಣಿಗೆ. ಕಡುನೀಲಿ ಎಲ್‌ಇಡಿ ಬಿದ್ದಲ್ಲಿ ಕಾವಿ ವಸ್ತ್ರ ಕಪ್ಪಾಗುತ್ತದೆ. ಅಂದು ಬೆಳಕಿನಲ್ಲಿ ನೀಲಿ ಸಾಲದೆ ಪ್ಲೇಟು ಸೋತಿತ್ತು. ಇಂದು ನೀಲಿಯೊಂದೇ ಇದ್ದು ಸೆನ್ಸರ್ ಸೋಲುತ್ತದೆ. ಹಾಗಾಗಿ ನಾನು ಬೀದಿಯಂಚಿನ ಅಂಗಡಿಗಳ ಬಲ್ಬಿನ ಬೆಳಕಿಗೆ ಪಲ್ಲಕ್ಕಿ ಬರುವವರೆಗೆ ಕಾಯುತ್ತೇನೆ.

ಕಾಪುವಿನ ದೀಪಸ್ತಂಭ 1901ರದ್ದು. ಆದರೆ ಅದರ ದೀಪ ಕಡಲ ಮೇಲೆ ತಿರುಗಿದ ಹಳೆಯ ರಾತ್ರಿಯ ಚಿತ್ರವೊಂದು ನನಗೆ ಇನ್ನೂ ಸಿಕ್ಕಿಲ್ಲ. ಯಾರದ್ದಾದರೂ ಪೆಟ್ಟಿಗೆಯಲ್ಲಿ ಇರಬಹುದು.

ಅದಕ್ಕೇ ಒಂದು ವಿನಂತಿ. ಕರಾವಳಿಯ ಮನೆಗಳಲ್ಲಿ ಆಟದ, ಕೋಲದ, ಪರ್ಯಾಯದ ನೆಗೆಟಿವ್‌ಗಳು ಮಳೆಗಾಲದ ಬೂಷ್ಟು ಹಿಡಿದು ಹಾಳಾಗುತ್ತಿವೆ. ಪ್ಲಾಸ್ಟಿಕ್ ಕವರಿನಿಂದ ತೆಗೆದು ಕಾಗದದ ಲಕೋಟೆಗೆ ಹಾಕಿ, ಒಣ ಜಾಗದಲ್ಲಿಡಿ. ಪ್ರಿಂಟಿನ ಹಿಂದೆ ಊರು, ಮೇಳ, ವೇಷಧಾರಿಯ ಹೆಸರು, ವರ್ಷ ಬರೆಯಿರಿ. ಬಾಲ್‌ಪೆನ್ನು ಬೇಡ, ಪೆನ್ಸಿಲಿನಲ್ಲಿ ಬರೆಯಿರಿ. ಹೆಸರು ಗೊತ್ತಿರುವ ಹಿರಿಯರು ಮನೆಯಲ್ಲಿದ್ದರೆ ಈ ವಾರವೇ ಕೇಳಿ ಬರೆದಿಡಿ.